ಅಣ್ವಸ್ತ್ರದ ಎದುರು ಸೇನಾಕ್ರಮ: ಅಪಾಯದ ಲೆಕ್ಕಾಚಾರ

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರ ಗುಂಡಿಗೆ ಬಲಿಯಾದ 26 ಮಂದಿಯಲ್ಲಿ ಶಿವಮೊಗ್ಗದ ಉದ್ಯಮಿಯೊಬ್ಬರೂ ಇದ್ದರು. ಮೇ 7ರಂದು ಭಾರತವು ‘ಆಪರೇಷನ್ ಸಿಂಧೂರ’ ಹೆಸರಿನಲ್ಲಿ ಪ್ರತಿಕ್ರಮ ಕೈಗೊಂಡಿತು. ಮೇ 10ರ ಸಂಜೆ 5 ಗಂಟೆಗೆ ಕದನವಿರಾಮ ಜಾರಿಗೆ ಬಂದಿತು. ನಾಲ್ಕೇ ದಿನಗಳಲ್ಲಿ ಎಲ್ಲವೂ ಮುಗಿದುದನ್ನು ಕಂಡ ಅನೇಕರಿಗೆ, ಇಷ್ಟು ದೊಡ್ಡ ಸೇನೆಯುಳ್ಳ ದೇಶ ಒಮ್ಮೆಗೇ ಪೂರ್ಣ ಲೆಕ್ಕ ಚುಕ್ತಾ ಮಾಡಬಾರದೇಕೆ ಎಂಬ ಪ್ರಶ್ನೆ ಎದ್ದದ್ದು ಸಹಜ. ಈ ಪ್ರಶ್ನೆಗೆ ಉತ್ತರ ಸೇನೆಯ ಬಲಾಬಲದಲ್ಲಿ ಸಿಗುವುದಿಲ್ಲ. ಎದುರಾಳಿಯ ಬಳಿ ಅಣ್ವಸ್ತ್ರವಿದ್ದಾಗ ಯುದ್ಧದ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಗಡಿಯಿಂದ ಬಹುದೂರದಲ್ಲಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ವರ್ತಕರೂ ಸಣ್ಣ ಉದ್ದಿಮೆದಾರರೂ ಈ ಬದಲಾವಣೆಯನ್ನು ಅರಿತಿರುವುದು ಅಗತ್ಯ. ಏಕೆಂದರೆ ಅದರ ಒಂದು ಪಾಲು ಅವರ ಖಾತೆ ಪುಸ್ತಕಕ್ಕೂ ಬಂದು ಸೇರುತ್ತದೆ.

ಮಿತಿ ತಿಳಿಯದ ನಷ್ಟ

ವ್ಯಾಪಾರದಲ್ಲಿ ಅಪಾಯವಿಲ್ಲದ ವ್ಯವಹಾರವಿಲ್ಲ. ಆದರೆ ಜಾಣ ವರ್ತಕನು ಸರಕು ಕೊಳ್ಳುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿರುತ್ತಾನೆ: ಎಲ್ಲವೂ ಕೆಟ್ಟರೆ ಹೋಗುವುದು ಎಷ್ಟು? ಒಂದು ಲಾರಿ ಅಡಿಕೆಯೇ, ಒಂದು ಹಂಗಾಮಿನ ಲಾಭವೇ, ಅಥವಾ ಅಂಗಡಿಯೇ? ಗರಿಷ್ಠ ನಷ್ಟದ ಅಂದಾಜು ಇದ್ದರೆ ಮಾತ್ರ ಅಪಾಯವನ್ನು ತೂಗಿ ನೋಡಲು ಸಾಧ್ಯ.

1998ರ ಮೇ ತಿಂಗಳಿಗೆ ಮುನ್ನ ಭಾರತ ಮತ್ತು ಪಾಕಿಸ್ತಾನಗಳ ನಡುವಿನ ಯುದ್ಧಗಳಿಗೆ ಅಂಥ ಅಂದಾಜು ಇತ್ತು. 1965ರಲ್ಲಿಯೂ 1971ರಲ್ಲಿಯೂ ಎರಡು ದೇಶಗಳು ದೊಡ್ಡ ಪ್ರಮಾಣದಲ್ಲಿ ಸೇನಾಬಲವನ್ನು ಬಳಸಿ ಹೋರಾಡಿದವು. ಸೋತ ಪಕ್ಷ ಭೂಮಿಯನ್ನೋ ಸೇನೆಯನ್ನೋ ಕಳೆದುಕೊಳ್ಳುತ್ತಿತ್ತು. ಭಾರತವು 1998ರ ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ, ಪಾಕಿಸ್ತಾನವು ಅದೇ ತಿಂಗಳ 28 ಮತ್ತು 30ರಂದು ಬಲೂಚಿಸ್ತಾನದಲ್ಲಿ ಪರೀಕ್ಷೆ ನಡೆಸಿದ ಮೇಲೆ ಲೆಕ್ಕದ ಕೆಳಗಿನ ಸಾಲು ಅಳಿಸಿಹೋಯಿತು. ಸೋಲುವ ಪಕ್ಷ ಕೊನೆಯ ಗಳಿಗೆಯಲ್ಲಿ ಏನು ಮಾಡೀತು ಎಂಬುದನ್ನು ಗೆಲ್ಲುವ ಪಕ್ಷವೂ ಖಚಿತವಾಗಿ ಹೇಳಲಾರದು. ಒಂದು ನಗರದ ನಾಶವನ್ನು ಯಾವ ಗೆಲುವಿನ ಎದುರು ಜಮಾ ಹಾಕಲು ಸಾಧ್ಯ?

ಇದರಿಂದ ಶಾಂತಿ ನೆಲೆಸಬೇಕಿತ್ತು, ಆದರೆ ಹಾಗಾಗಲಿಲ್ಲ. ಅಮೆರಿಕದ ವಿದ್ವಾಂಸ ಗ್ಲೆನ್ ಸ್ನೈಡರ್ 1965ರಲ್ಲಿಯೇ ಇದರ ಕಾರಣವನ್ನು ವಿವರಿಸಿದ್ದರು. ಮೇಲಿನ ಹಂತದಲ್ಲಿ, ಅಂದರೆ ಅಣ್ವಸ್ತ್ರದ ಮಟ್ಟದಲ್ಲಿ, ಇಬ್ಬರೂ ಪರಸ್ಪರ ಹೆದರಿ ಸ್ತಬ್ಧರಾದಾಗ, ಕೆಳಗಿನ ಹಂತದ ಸಣ್ಣ ಆಕ್ರಮಣಗಳಿಗೆ ಧೈರ್ಯ ಬರುತ್ತದೆ. ಎದುರಾಳಿ ಪೂರ್ಣ ಯುದ್ಧಕ್ಕೆ ಇಳಿಯಲಾರ ಎಂಬ ನಂಬಿಕೆಯೇ ಆಕ್ರಮಣಕಾರನ ಬಂಡವಾಳವಾಗುತ್ತದೆ.

ಕಾರ್ಗಿಲ್: ಗೆರೆ ದಾಟದ ಯುದ್ಧ

ಪರೀಕ್ಷೆಗಳು ನಡೆದು ಒಂದು ವರ್ಷ ತುಂಬುವಷ್ಟರಲ್ಲಿ ಈ ಸಿದ್ಧಾಂತ ಕಾರ್ಗಿಲ್ ಶಿಖರಗಳ ಮೇಲೆ ನಿಜವಾಯಿತು. ಪಾಕಿಸ್ತಾನದ ಸೈನಿಕರು ನಿಯಂತ್ರಣ ರೇಖೆಯನ್ನು ದಾಟಿ ಬಂದು ಶ್ರೀನಗರ–ಲೇಹ್ ಹೆದ್ದಾರಿಗೆ ಮೇಲಿನಿಂದ ಗುರಿಯಿಟ್ಟು ಕುಳಿತಿದ್ದರು. 1999ರ ಮೇ 26ರಂದು ವಾಯುಪಡೆಯನ್ನು ಬಳಸಲು ಆರಂಭಿಸಿದಾಗ ಕೇಂದ್ರ ಸರಕಾರ ವಿಧಿಸಿದ ಷರತ್ತು ಒಂದೇ: ನಿಯಂತ್ರಣ ರೇಖೆಯನ್ನು ದಾಟಕೂಡದು.

ಈ ಷರತ್ತಿನ ಬೆಲೆ ಸಣ್ಣದಾಗಿರಲಿಲ್ಲ. ಶತ್ರುವಿನ ಸರಬರಾಜು ನೆಲೆಗಳು ಗೆರೆಯ ಆಚೆಗಿದ್ದವು. ಅವನ್ನು ಮುಟ್ಟದೆ, ಶಿಖರಗಳನ್ನು ಕೆಳಗಿನಿಂದ ಹತ್ತಿ ಒಂದೊಂದಾಗಿ ಗೆಲ್ಲಬೇಕಾಯಿತು. ಹುತಾತ್ಮರಾದ ಭಾರತೀಯ ಯೋಧರು 527. ಆದರೆ ಗೆರೆ ದಾಟದಿದ್ದುದರಿಂದ ಆಕ್ರಮಣಕಾರ ಯಾರೆಂಬುದರಲ್ಲಿ ಜಗತ್ತಿಗೆ ಸಂಶಯ ಉಳಿಯಲಿಲ್ಲ. ಜುಲೈ 4ರಂದು ವಾಷಿಂಗ್ಟನ್‌ಗೆ ಧಾವಿಸಿದ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಅವರು ಸೇನೆಯನ್ನು ಹಿಂದೆಗೆದುಕೊಳ್ಳಲು ಒಪ್ಪಬೇಕಾಯಿತು. ಅಪಾಯವನ್ನು ಮಿತಿಯಲ್ಲಿಡಲು ಭಾರತ ತನ್ನ ಯೋಧರ ಪ್ರಾಣವನ್ನೇ ತೆತ್ತಿತು ಎಂಬುದನ್ನು ಮರೆಯುವಂತಿಲ್ಲ. ‘ಸಂಯಮ’ ಎಂಬ ಮಾತನ್ನು ಸುಲಭವಾಗಿ ಆಡುವವರು ಈ ಸಂಖ್ಯೆಯನ್ನು ನೆನಪಿಡಬೇಕು.

ಹೂಡದ ಯುದ್ಧದ ವೆಚ್ಚ

2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿ ನಡೆಯಿತು. ಭಾರತವು ಸುಮಾರು 5 ಲಕ್ಷ ಸೈನಿಕರನ್ನು ಗಡಿಗೆ ಸಾಗಿಸಿತು. ‘ಆಪರೇಷನ್ ಪರಾಕ್ರಮ’ ಎಂದು ಹೆಸರಾದ ಈ ಜಮಾವಣೆ ಪೂರ್ಣಗೊಳ್ಳಲು ವಾರಗಳೇ ಹಿಡಿದವು. ಅಷ್ಟರಲ್ಲಿ ಪಾಕಿಸ್ತಾನದ ಸೇನೆಯೂ ಸಜ್ಜಾಗಿತ್ತು, ವಿದೇಶಗಳ ಒತ್ತಡವೂ ಹೆಚ್ಚಿತ್ತು. 2002ರ ಮೇ 14ರಂದು ಜಮ್ಮು ಸಮೀಪದ ಕಾಲೂಚಕ್‌ನಲ್ಲಿ ಸೈನಿಕರ ಕುಟುಂಬಗಳ ಮೇಲೆ ದಾಳಿಯಾದಾಗ ಯುದ್ಧ ಇಂದೋ ನಾಳೆಯೋ ಎಂಬಂತಾಯಿತು. ಅಕ್ಟೋಬರ್‌ನಲ್ಲಿ, ಯುದ್ಧವಿಲ್ಲದೆಯೇ ಸೇನೆ ಹಿಂದಿರುಗಿತು. ನೆಲಬಾಂಬ್ ಸ್ಫೋಟ, ರಸ್ತೆ ಅಪಘಾತ ಮೊದಲಾದ ಕಾರಣಗಳಿಂದಲೇ ಈ 10 ತಿಂಗಳಲ್ಲಿ ನೂರಾರು ಯೋಧರು ಅಸುನೀಗಿದರು.

ಈ ಅವಧಿಯಲ್ಲಿ ಕರ್ನಾಟಕದ ವಾಣಿಜ್ಯಕ್ಕೆ ತಟ್ಟಿದ ಬಿಸಿ ವಿಶೇಷ ಗಮನಕ್ಕೆ ಅರ್ಹವಾದುದು. 2002ರ ಮೇ 31ರಂದು ಅಮೆರಿಕ ಸರಕಾರವು ತನ್ನ ನಾಗರಿಕರು ಭಾರತವನ್ನು ಬಿಟ್ಟು ಬರುವುದು ಒಳಿತೆಂದು ಸೂಚಿಸಿತು. ಗಡಿಯಿಂದ ಬಹುದೂರದ ಬೆಂಗಳೂರಿನಲ್ಲಿ ತಂತ್ರಾಂಶ ಸಂಸ್ಥೆಗಳ ವಿದೇಶಿ ಗ್ರಾಹಕರು ಭೇಟಿಗಳನ್ನು ಮುಂದೂಡಿದರು. ಒಂದು ಗುಂಡೂ ಬೀಳದ ಊರಿನಲ್ಲಿ ಗಿರಾಕಿಯ ನಂಬಿಕೆ ಮೊದಲು ಬಿದ್ದಿತು. ಅಣ್ವಸ್ತ್ರ ದೇಶಗಳ ಸಂಘರ್ಷದಲ್ಲಿ ‘ಗಡಿ ದೂರವಿದೆ’ ಎಂಬ ಸಮಾಧಾನಕ್ಕೆ ಬೆಲೆಯಿಲ್ಲ ಎಂಬುದನ್ನು ರಾಜ್ಯದ ಉದ್ಯಮಗಳು ಆಗಲೇ ಕಂಡವು.

ಮೆಟ್ಟಿಲೇರುವ ಸಂಘರ್ಷ

2003ರ ಜನವರಿ 4ರಂದು ಭಾರತವು ತನ್ನ ಅಣ್ವಸ್ತ್ರ ನೀತಿಯನ್ನು ಪ್ರಕಟಿಸಿತು. ಅಣ್ವಸ್ತ್ರವನ್ನು ತಾನಾಗಿ ಮೊದಲು ಬಳಸುವುದಿಲ್ಲ. ಬಳಸಿದವರಿಗೆ ಮಾತ್ರ ಭಾರಿ ಪ್ರಮಾಣದ ಉತ್ತರ ನೀಡಲಾಗುವುದು ಎಂಬುದು ಅದರ ಸಾರ. ಪಾಕಿಸ್ತಾನವು ಮೊದಲು ಬಳಸದಿರುವ ಭರವಸೆಯನ್ನು ನೀಡಲಿಲ್ಲ. ಬದಲಿಗೆ 2011ರಲ್ಲಿ ‘ನಸ್ರ್’ ಎಂಬ, ಸುಮಾರು 60 ಕಿಲೋಮೀಟರ್ ವ್ಯಾಪ್ತಿಯ ಕ್ಷಿಪಣಿಯನ್ನು ಪರೀಕ್ಷಿಸಿತು. ಒಳನುಗ್ಗುವ ಭಾರತದ ಸೇನಾ ತುಕಡಿಗಳ ಮೇಲೆ ಸಣ್ಣ ಅಣ್ವಸ್ತ್ರ ಪ್ರಯೋಗಿಸುವ ಬೆದರಿಕೆ ಅದರ ಹಿಂದಿತ್ತು. ಪೂರ್ಣ ಯುದ್ಧದ ಬಾಗಿಲು ಮಾತ್ರವಲ್ಲ, ಸೀಮಿತ ಭೂಸೇನಾ ಆಕ್ರಮಣದ ಬಾಗಿಲನ್ನೂ ಮುಚ್ಚುವುದು ಅದರ ಉದ್ದೇಶ.

ಭಾರತವು ಈ ಬಾಗಿಲುಗಳ ನಡುವಿನ ಸಂದಿಗಳನ್ನು ಹುಡುಕಿತು. ಉರಿ ದಾಳಿಯ ಬಳಿಕ 2016ರ ಸೆಪ್ಟೆಂಬರ್ 29ರಂದು ನಿಯಂತ್ರಣ ರೇಖೆಯ ಆಚೆಗೆ ಸರ್ಜಿಕಲ್ ದಾಳಿ ನಡೆಯಿತು. ಪುಲ್ವಾಮಾದಲ್ಲಿ 40 ಯೋಧರು ಹತರಾದ ಬಳಿಕ 2019ರ ಫೆಬ್ರವರಿ 26ರಂದು ವಿಮಾನಗಳು ಪಾಕಿಸ್ತಾನದ ಬಾಲಾಕೋಟ್‌ಗೆ ಗುರಿಯಿಟ್ಟವು. 2025ರ ಮೇ 7ರಂದು 9 ಸ್ಥಳಗಳ ಮೇಲೆ ದಾಳಿ ನಡೆದಾಗ, ಭಯೋತ್ಪಾದಕರ ನೆಲೆಗಳನ್ನಷ್ಟೇ ಗುರಿಯಾಗಿಸಲಾಗಿದೆ, ಪಾಕಿಸ್ತಾನದ ಸೇನಾ ನೆಲೆಗಳನ್ನು ಮುಟ್ಟಿಲ್ಲ ಎಂದು ಸರಕಾರ ಅಂದೇ ಸ್ಪಷ್ಟಪಡಿಸಿತು. ಆದರೂ ಡ್ರೋನ್, ಕ್ಷಿಪಣಿ, ಫಿರಂಗಿಗಳ ವಿನಿಮಯ ದಿನದಿಂದ ದಿನಕ್ಕೆ ಏರಿತು. ಮೇ 10ರ ಹೊತ್ತಿಗೆ ರಾವಲ್ಪಿಂಡಿ ಸಮೀಪದ ನೂರ್ ಖಾನ್ ಸೇರಿದಂತೆ ಹಲವು ವಾಯುನೆಲೆಗಳು ಗುರಿಯಾಗಿದ್ದವು.

ಪ್ರತಿ ಸಲವೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೇರಿದುದನ್ನು ಇಲ್ಲಿ ಗಮನಿಸಬೇಕು. ಕಾರ್ಗಿಲ್‌ನಲ್ಲಿ ದಾಟದ ಗೆರೆಯನ್ನು 2016ರಲ್ಲಿ ದಾಟಲಾಯಿತು. 2019ರಲ್ಲಿ ಪಾಕಿಸ್ತಾನದ ಮುಖ್ಯಭೂಮಿ, 2025ರಲ್ಲಿ ಅದರ ವಾಯುನೆಲೆಗಳು. ಅಣ್ವಸ್ತ್ರದ ಬೆದರಿಕೆಗೆ ಮಣಿಯದೆ ಶಿಕ್ಷಿಸಲು ಅವಕಾಶವಿದೆ ಎಂದು ಇದು ತೋರಿಸಿತು. ಅದರ ಜೊತೆಗೇ, ಮುಂದಿನ ಸಲ ಆರಂಭದ ಮೆಟ್ಟಿಲೇ ಮೇಲಿರುತ್ತದೆ, ಉಳಿದ ಮೆಟ್ಟಿಲುಗಳು ಕಡಿಮೆಯಾಗುತ್ತವೆ ಎಂಬುದನ್ನೂ ತೋರಿಸಿತು. ಕೊನೆಯ ಮೆಟ್ಟಿಲು ಯಾವುದೆಂದು ಫಲಕ ಹಾಕಿರುವುದಿಲ್ಲ.

ತಪ್ಪಿನಿಂದ ಬರುವ ಅಪಾಯ

ಅರ್ಥಶಾಸ್ತ್ರಕ್ಕಾಗಿ 2005ರಲ್ಲಿ ನೊಬೆಲ್ ಪಡೆದ ಥಾಮಸ್ ಶೆಲ್ಲಿಂಗ್ ಅವರು ಇಂಥ ಸಂಘರ್ಷಗಳಲ್ಲಿ ಒಂದಿಷ್ಟು ಪಾಲು ಅದೃಷ್ಟದ ಕೈಯಲ್ಲಿರುತ್ತದೆ ಎಂಬ ಅಂಶವನ್ನು ಎತ್ತಿ ತೋರಿದ್ದರು. ಶರಾವತಿಯ ಹಿನ್ನೀರಿನಲ್ಲಿ ಒಂದೇ ದೋಣಿಯಲ್ಲಿ ಕುಳಿತ ಇಬ್ಬರು ಜಗಳವಾಡುತ್ತ ದೋಣಿಯನ್ನು ಅಲುಗಿಸಿದರೆ, ಮುಳುಗಿಸುವ ಇಚ್ಛೆ ಇಬ್ಬರಿಗೂ ಇರಬೇಕೆಂದಿಲ್ಲ. ದೋಣಿ ಮಗುಚಲು ಒಂದು ತಪ್ಪು ಹೆಜ್ಜೆ ಸಾಕು.

ಅಂಥ ತಪ್ಪು ಹೆಜ್ಜೆಗಳು ನಡೆದಿವೆ. 2019ರ ಫೆಬ್ರವರಿ 27ರಂದು ಆಗಸದಲ್ಲಿ ಕಾಳಗ ನಡೆಯುತ್ತಿದ್ದಾಗ ಬಡಗಾಮ್ ಬಳಿ ಭಾರತದ್ದೇ ಕ್ಷಿಪಣಿಯು ಭಾರತದ್ದೇ ಹೆಲಿಕಾಪ್ಟರನ್ನು ಉರುಳಿಸಿತು. 6 ಮಂದಿ ವಾಯುಪಡೆಯವರೂ ಒಬ್ಬ ನಾಗರಿಕರೂ ಮಡಿದರು. 2022ರ ಮಾರ್ಚ್ 9ರಂದು, ಯಾವುದೇ ಸಂಘರ್ಷವಿಲ್ಲದ ದಿನ, ಭಾರತದ ಬ್ರಹ್ಮೋಸ್ ಕ್ಷಿಪಣಿಯೊಂದು ಅಕಸ್ಮಾತ್ತಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಸಮೀಪ ಬಿದ್ದಿತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಪ್ರಾಣಹಾನಿಯಾಗಲಿಲ್ಲ. ಹೊಣೆಗಾರರಾದ ಮೂವರು ಅಧಿಕಾರಿಗಳನ್ನು ವಜಾ ಮಾಡಲಾಯಿತು. ಇದೇ ಕ್ಷಿಪಣಿ 2019ರ ಫೆಬ್ರವರಿಯಲ್ಲೋ 2025ರ ಮೇ ತಿಂಗಳಲ್ಲೋ ಹೀಗೆ ಹಾರಿದ್ದರೆ ಅದನ್ನು ಅಪಘಾತವೆಂದು ಎದುರು ಪಕ್ಷ ನಂಬುತ್ತಿತ್ತೇ? ಎರಡು ದೇಶಗಳ ನಡುವೆ ಕ್ಷಿಪಣಿಯ ಹಾರಾಟದ ಅವಧಿ ಕೆಲವೇ ನಿಮಿಷ. ವಿಚಾರಿಸಿ, ದೃಢಪಡಿಸಿಕೊಂಡು, ಆನಂತರ ನಿರ್ಧರಿಸುವ ವ್ಯವಧಾನ ಅಲ್ಲಿಲ್ಲ.

ಈ ಅಪಾಯವನ್ನು ತಗ್ಗಿಸಲು ಎರಡು ದೇಶಗಳು ಕಟ್ಟಿಕೊಂಡ ಕೆಲವು ಕಟ್ಟುಪಾಡುಗಳಿವೆ. ಸೇನಾ ಕಾರ್ಯಾಚರಣೆಯ ಮಹಾನಿರ್ದೇಶಕರ ನಡುವೆ ನೇರ ದೂರವಾಣಿ ಸಂಪರ್ಕವಿದೆ. 2025ರ ಮೇ 10ರ ಕದನವಿರಾಮ ಅಂತಿಮಗೊಂಡದ್ದು ಆ ಅಧಿಕಾರಿಗಳ ಮಾತುಕತೆಯಲ್ಲೇ. 1988ರ ಡಿಸೆಂಬರ್ 31ರಂದು ಸಹಿಯಾದ ಒಪ್ಪಂದದಂತೆ ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. 1992ರಿಂದ ಪ್ರತಿವರ್ಷ ಜನವರಿ 1ರಂದು ಸ್ಥಾವರಗಳ ಪಟ್ಟಿ ಕೈಬದಲಾಗುತ್ತ ಬಂದಿದೆ. ಸಾಗರ ತಾಲ್ಲೂಕಿನ ನೆರೆಯ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಕೈಗಾ ಅಣುವಿದ್ಯುತ್ ಸ್ಥಾವರವಿರುವುದರಿಂದ ಈ ಒಪ್ಪಂದ ಮಲೆನಾಡಿಗೆ ದೂರದ ಸಂಗತಿಯಲ್ಲ. ಆದರೆ ಅದು ಅಣುಸ್ಥಾವರಗಳಿಗೆ ಮಾತ್ರ ಅನ್ವಯಿಸುತ್ತದೆ. ಲಿಂಗನಮಕ್ಕಿಯಂಥ ಅಣೆಕಟ್ಟು, ಜಲವಿದ್ಯುತ್ ಕೇಂದ್ರಗಳು ಅದರ ರಕ್ಷಣೆಯ ಹೊರಗಿವೆ.

ಉಕ್ರೇನ್: ಮೂರನೆಯವರ ಇಕ್ಕಟ್ಟು

ಆಕ್ರಮಣಕ್ಕೊಳಗಾದ ದೇಶದ ನೆರವಿಗೆ ಹೊರಗಿನವರು ಬರುವ ಪ್ರಶ್ನೆಯಲ್ಲಿ ಇದೇ ಲೆಕ್ಕ ಇನ್ನಷ್ಟು ಕಠಿಣವಾಗುತ್ತದೆ. ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಕಾಲದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿ, 1994ರ ಬುಡಾಪೆಸ್ಟ್ ಒಡಂಬಡಿಕೆಯಲ್ಲಿ ರಷ್ಯಾ, ಅಮೆರಿಕ, ಬ್ರಿಟನ್‌ಗಳಿಂದ ತನ್ನ ಗಡಿಗಳನ್ನು ಗೌರವಿಸುವ ಭರವಸೆ ಪಡೆದಿತ್ತು. 2022ರ ಫೆಬ್ರವರಿ 24ರಂದು ರಷ್ಯಾ ದಂಡೆತ್ತಿ ಬಂದಿತು. ಮೂರೇ ದಿನಗಳಲ್ಲಿ ತನ್ನ ಅಣ್ವಸ್ತ್ರ ಪಡೆಗಳಿಗೆ ವಿಶೇಷ ಎಚ್ಚರಿಕೆಯ ಆದೇಶ ನೀಡಿತು.

ತನ್ನ ಆಗಸದಲ್ಲಿ ಹಾರಾಟ ನಿಷೇಧ ವಲಯವನ್ನು ಜಾರಿಗೊಳಿಸಬೇಕೆಂದು ಉಕ್ರೇನ್ ಕೋರಿತು. ಮಾರ್ಚ್ 4ರಂದು ನ್ಯಾಟೋ ನಿರಾಕರಿಸಿತು. ಕಾರಣ ಸರಳ: ನಿಷೇಧ ಜಾರಿ ಎಂದರೆ ರಷ್ಯಾದ ವಿಮಾನಗಳನ್ನು ಹೊಡೆಯುವುದು, ಅದಕ್ಕೆ ಮೊದಲು ರಷ್ಯಾದ ನೆಲದಲ್ಲಿರುವ ವಿಮಾನ ನಿರೋಧಕ ನೆಲೆಗಳನ್ನೂ ನಾಶಪಡಿಸುವುದು. ಜಗತ್ತಿನ ಎರಡು ಅತಿದೊಡ್ಡ ಅಣ್ವಸ್ತ್ರ ದೇಶಗಳು ಆಗ ನೇರ ಯುದ್ಧಕ್ಕೆ ಇಳಿದಂತೆ. ಬದಲಿಗೆ ಪಾಶ್ಚಾತ್ಯ ದೇಶಗಳು ಶಸ್ತ್ರಾಸ್ತ್ರಗಳನ್ನು ಅಳೆದು ತೂಗಿ ಕೊಟ್ಟವು: 2022ರಲ್ಲಿ ರಾಕೆಟ್ ವ್ಯವಸ್ಥೆ, 2023ರಲ್ಲಿ ಟ್ಯಾಂಕ್, 2024ರಲ್ಲಿ ಎಫ್-16 ವಿಮಾನ. ಮಹಾಯುದ್ಧದ ಅಪಾಯ ತಪ್ಪಿತು. ಆದರೆ ಯುದ್ಧ ವರ್ಷಗಟ್ಟಲೆ ಎಳೆಯಿತು, ಅದರ ಭಾರ ಉಕ್ರೇನ್ ಜನರ ಮೇಲೆ ಬಿದ್ದಿತು. ಆ ಯುದ್ಧದ ಮೊದಲ ವಾರದಲ್ಲಿಯೇ, ಮಾರ್ಚ್ 1ರಂದು, ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಮೃತಪಟ್ಟರು. ಅದೇ ತಿಂಗಳಲ್ಲಿ ಕಿರಾಣಿ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ದರ ಏರಿತು. ರಷ್ಯಾ ಮತ್ತು ಬೆಲಾರುಸ್‌ಗಳಿಂದ ಬರಬೇಕಾದ ಪೊಟ್ಯಾಷ್ ದುಬಾರಿಯಾಗಿ ಅಡಿಕೆ ತೋಟಗಳ ಗೊಬ್ಬರದ ಲೆಕ್ಕವೂ ಏರುಪೇರಾಯಿತು.

ಸುಮ್ಮನಿರುವುದರ ಬೆಲೆ

ಅಪಾಯವಿದೆ ಎಂಬ ಕಾರಣಕ್ಕೆ ಕೈಕಟ್ಟಿ ಕೂರುವುದೇ ಸುರಕ್ಷಿತವೆಂದು ಇದರಿಂದ ತೀರ್ಮಾನಿಸಲಾಗದು. ಸಾಲ ತೀರಿಸದ ಗಿರಾಕಿಗೆ ಬೆದರಿ ಮತ್ತೆ ಮತ್ತೆ ಉದ್ರಿ ಕೊಟ್ಟರೆ ಆತನ ಧೈರ್ಯ ಹೆಚ್ಚುವುದೇ ಹೊರತು ಬಾಕಿ ಕರಗುವುದಿಲ್ಲ. ಅಣ್ವಸ್ತ್ರದ ಮರೆಯಲ್ಲಿ ನಿಂತವನ ಪ್ರತಿಯೊಂದು ಆಕ್ರಮಣವನ್ನೂ ಸಹಿಸಿದರೆ, ಅಣ್ವಸ್ತ್ರ ಹೊಂದುವುದೇ ಲಾಭದಾಯಕವೆಂಬ ಪಾಠವನ್ನು ಇತರ ದೇಶಗಳೂ ಕಲಿಯುತ್ತವೆ. ಬಿಟ್ಟುಕೊಡಲು ಒಪ್ಪಿದ ಉಕ್ರೇನ್‌ನ ಗತಿಯನ್ನು ಎಲ್ಲರೂ ನೋಡಿದ್ದಾರೆ. ಹೀಗಾಗಿ ವಿವೇಕಿಗಳ ಮುಂದಿರುವ ಆಯ್ಕೆ ಅಪಾಯ ಮತ್ತು ನಿರಪಾಯಗಳ ನಡುವೆ ಅಲ್ಲ, ಎರಡು ಬಗೆಯ ಅಪಾಯಗಳ ನಡುವೆ. ಗುರಿ ಸೀಮಿತವಾಗಿರಬೇಕು, ಅದನ್ನು ಎದುರಾಳಿಗೆ ಅರ್ಥವಾಗುವಂತೆ ಹೇಳಿರಬೇಕು, ಅವನಿಗೆ ಹಿಂದೆ ಸರಿಯಲು ದಾರಿ ಬಿಟ್ಟಿರಬೇಕು, ಮಾತುಕತೆಯ ತಂತಿ ಕಡಿದಿರಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮಿತಿಯುಳ್ಳ ಕ್ರಮ ಮಿತಿ ಮೀರಬಹುದು.

ವಿಮೆ ಎಲ್ಲಿಗೆ ನಿಲ್ಲುತ್ತದೆ?

ಈ ಅಪಾಯದ ಗಾತ್ರವನ್ನು ಅರಿಯಲು ವರ್ತಕರ ಕಪಾಟಿನಲ್ಲೇ ಒಂದು ದಾಖಲೆಯಿದೆ: ವಿಮಾಪತ್ರ. ಅಂಗಡಿ, ಗೋದಾಮು, ಕಾರ್ಖಾನೆಗಳ ಬೆಂಕಿ ವಿಮೆಯು ಯುದ್ಧ, ವಿದೇಶಿ ಶತ್ರುವಿನ ಕೃತ್ಯ, ಯುದ್ಧಸದೃಶ ಕಾರ್ಯಾಚರಣೆಗಳಿಂದಾದ ನಷ್ಟವನ್ನು ಹೊರಗಿಡುತ್ತದೆ. ಯುದ್ಧ ಘೋಷಣೆಯಾಗಿರಲಿ ಆಗದಿರಲಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅಣುವಿಕಿರಣದಿಂದಾದ ಹಾನಿಗೂ ರಕ್ಷಣೆಯಿಲ್ಲ. ಹಡಗಿನ ಸರಕಿಗೆ ಪ್ರತ್ಯೇಕ ಕಂತು ತೆತ್ತು ಯುದ್ಧ ವಿಮೆ ಪಡೆಯಬಹುದಾದರೂ ಅದು ಸರಕು ನೀರಿನ ಮೇಲಿರುವವರೆಗೆ ಮಾತ್ರ. ನೆಲದ ಮೇಲಿನ ಯುದ್ಧಕ್ಕೆ ಅದು ಅನ್ವಯಿಸದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿದೇಶಿ ಮರುವಿಮೆ ಸಂಸ್ಥೆಗಳು ಭಯೋತ್ಪಾದನೆಯ ನಷ್ಟದಿಂದಲೂ ಹಿಂದೆ ಸರಿದಾಗ, ಭಾರತದ ವಿಮಾ ಕಂಪನಿಗಳು 2002ರ ಏಪ್ರಿಲ್‌ನಲ್ಲಿ ಒಂದು ಸಾಮೂಹಿಕ ನಿಧಿಯನ್ನು ಕಟ್ಟಿಕೊಂಡವು. ಅದರಿಂದ ಭಯೋತ್ಪಾದನೆಗೆ ರಕ್ಷಣೆ ದೊರೆಯುತ್ತದೆ, ಯುದ್ಧಕ್ಕೆ ದೊರೆಯದು.

ಹಿಂದೆ ಹೀಗಿರಲಿಲ್ಲ. 1962ರ ಚೀನಾ ಯುದ್ಧದ ಕಾಲದಲ್ಲಿ ಸರಕು ಮತ್ತು ಕಾರ್ಖಾನೆಗಳ ತುರ್ತು ಅಪಾಯ ವಿಮೆಗಾಗಿ ಕೇಂದ್ರವು ಎರಡು ಕಾಯಿದೆಗಳನ್ನು ತಂದಿತ್ತು. 1971ರಲ್ಲಿ ಮತ್ತೆ ಅಂಥವೇ ಕಾಯಿದೆಗಳು ಬಂದವು. ಖಾಸಗಿ ವಿಮೆ ನಿಂತಲ್ಲಿ ಸರಕಾರವೇ ವಿಮೆಗಾರನಾಯಿತು. ಆಗಿನ ಬಾಂಬಿನ ಹಾನಿಗೆ ಲೆಕ್ಕವಿತ್ತು. 1998ರ ನಂತರದ ಯಾವ ಬಿಕ್ಕಟ್ಟಿನಲ್ಲಿಯೂ ಅಂಥ ಕಾಯಿದೆ ಬರಲಿಲ್ಲ.

ಕರಾರುಗಳ ವಿಷಯದಲ್ಲಿಯೂ ಭ್ರಮೆ ಬೇಡ. ಯುದ್ಧದಿಂದ ಸರಬರಾಜು ದುಬಾರಿಯಾಯಿತೆಂಬ ಕಾರಣಕ್ಕೆ ಕರಾರು ರದ್ದಾಗುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಗೆ ತುಪ್ಪ ಪೂರೈಸುತ್ತಿದ್ದ ಅಲೋಪಿ ಪ್ರಸಾದ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರಲ್ಲಿಯೇ ಇದನ್ನು ತೀರ್ಮಾನಿಸಿದೆ. ಕರಾರು ನೆರವೇರಿಸುವುದೇ ಅಸಾಧ್ಯವಾದಾಗ ಮಾತ್ರ 1872ರ ಕರಾರು ಕಾಯಿದೆಯ 56ನೇ ಕಲಮಿನ ಆಸರೆ ದೊರೆಯುತ್ತದೆ.

ವರ್ತಕರು ಗಮನಿಸಬೇಕಾದದ್ದು

ಕೊನೆಯ ಮೆಟ್ಟಿಲಿಗೆ ಯಾವ ವರ್ತಕನೂ ಸಿದ್ಧತೆ ಮಾಡಿಕೊಳ್ಳಲಾರ. ಕೆಳಗಿನ ಮೆಟ್ಟಿಲುಗಳಿಗೆ ಸಾಧ್ಯ. 2025ರ ಮೇ ತಿಂಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ನಾಗರಿಕ ಸಂಚಾರಕ್ಕೆ ಮುಚ್ಚಿದ್ದವು. ಅಟ್ಟಾರಿ ಗಡಿಯ ವ್ಯಾಪಾರ ಏಪ್ರಿಲ್ 23ರಿಂದಲೇ ನಿಂತಿತ್ತು. ಮೇ 2ರಂದು ಪಾಕಿಸ್ತಾನದ ಎಲ್ಲ ಸರಕುಗಳ ನೇರ ಹಾಗೂ ಪರೋಕ್ಷ ಆಮದು ನಿಷೇಧವಾಯಿತು. ಆಯುರ್ವೇದದ ಅಂಗಡಿಗಳಿಗೆ ಸೈಂಧವ ಲವಣ ಬರುತ್ತಿದ್ದುದು ಪಾಕಿಸ್ತಾನದ ಗಣಿಗಳಿಂದ ಎಂಬುದು ಅನೇಕರಿಗೆ ಆಗ ತಿಳಿಯಿತು.

ಮಲೆನಾಡಿನ ಅಡಿಕೆಗೆ ಮುಖ್ಯ ಗಿರಾಕಿ ಉತ್ತರ ಭಾರತ. ಗುಜರಾತ್, ರಾಜಸ್ಥಾನ, ದೆಹಲಿಗಳ ಕಡೆಗೆ ಹೊರಟ ಲಾರಿ ದಾರಿಯಲ್ಲಿರುವಾಗ ಬಿಕ್ಕಟ್ಟು ಎದ್ದರೆ ಸರಕೂ ಹಣವೂ ಒಟ್ಟಿಗೇ ಸಿಕ್ಕಿಹಾಕಿಕೊಳ್ಳುತ್ತವೆ. ಇಡೀ ಬಾಕಿ ಒಂದೇ ಪ್ರದೇಶದ ಗಿರಾಕಿಗಳ ಮೇಲೆ ನಿಲ್ಲದಂತೆ ಹಂಚುವುದು, ಬಿಕ್ಕಟ್ಟಿನ ಸೂಚನೆ ಕಂಡಾಗ ಉದ್ರಿಯ ಅವಧಿಯನ್ನು ಕುಗ್ಗಿಸುವುದು, ಸರಕಿನ ಹೊಣೆ ಯಾವ ಹಂತದಲ್ಲಿ ಕೊಳ್ಳುವವನಿಗೆ ದಾಟುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಇಡುವುದು ಮೊದಲ ಎಚ್ಚರಿಕೆಗಳು. ರಾಜ್‌ಕೋಟ್‌ನಿಂದ ಯಂತ್ರ, ಮೋರ್ಬಿಯಿಂದ ಟೈಲ್ಸ್ ತರಿಸುವವರು ಬಿಡಿಭಾಗಗಳ ಹಾಗೂ ದಾಸ್ತಾನಿನ ಒಂದಿಷ್ಟು ಹೆಚ್ಚುವರಿಯನ್ನು ಇಟ್ಟುಕೊಳ್ಳುವುದು ಲೇಸು. ಹೆಗ್ಗೋಡಿನ ಚರಕದಂತೆ ನಗರಗಳ ಗ್ರಾಹಕರನ್ನು ನೆಚ್ಚಿದ ಕೈಮಗ್ಗ ಘಟಕಗಳಿಗೆ ಅಪಾಯ ಬೇರೆ ಬಗೆಯದು. ನೂಲಿನ ಸಾಗಣೆ ತಡವಾದರೂ ನಡೆದೀತು. ಆತಂಕದ ದಿನಗಳಲ್ಲಿ ಜನ ಮೊದಲು ಮುಂದೂಡುವುದು ಬಟ್ಟೆಯ ಖರೀದಿಯನ್ನು. ಎರಡು ಮೂರು ತಿಂಗಳ ಕೂಲಿಗೆ ಸಾಲುವಷ್ಟು ನಗದು ಇರುವ ಘಟಕ ಇಂಥ ಬಿಕ್ಕಟ್ಟನ್ನು ದಾಟಬಲ್ಲದು.

ಇನ್ನೊಂದು ಎಚ್ಚರಿಕೆ ಮಾತಿಗೆ ಸಂಬಂಧಿಸಿದ್ದು. ಬಿಕ್ಕಟ್ಟಿನ ದಿನಗಳಲ್ಲಿ ವದಂತಿ ದರಗಳನ್ನು ಏರಿಳಿಸುತ್ತದೆ. ಕೋಪವು ಸರಕಾರದ ಕೈಗಳನ್ನು ಕಟ್ಟುತ್ತದೆ. ಪೂರ್ಣ ಯುದ್ಧವನ್ನು ಬೇಡುವ ಕೂಗು ಎರಡೂ ಕಡೆ ಜೋರಾದಷ್ಟೂ ಹಿಂದೆ ಸರಿಯುವ ದಾರಿ ಕಿರಿದಾಗುತ್ತದೆ. ಪಹಲ್ಗಾಮ್‌ನಲ್ಲಿ ತನ್ನವರನ್ನು ಕಳೆದುಕೊಂಡ ಜಿಲ್ಲೆಗೆ ನ್ಯಾಯವನ್ನು ಕೇಳುವ ಹಕ್ಕು ಪೂರ್ಣವಾಗಿದೆ. ಆ ನ್ಯಾಯವನ್ನು ಪಡೆಯುವ ದಾರಿ ಗರಿಷ್ಠ ನಷ್ಟವನ್ನು ಅಳೆದು ನಡೆಯುವ ದಾರಿಯೇ ಆಗಿರಬೇಕೆಂಬುದನ್ನು ಲೆಕ್ಕ ಬಲ್ಲ ವರ್ತಕ ಸಮುದಾಯ ಇತರರಿಗಿಂತ ಸುಲಭವಾಗಿ ಅರಿಯಬಲ್ಲದು, ತನ್ನ ಊರಿನ ಮಾತುಕತೆಗಳಲ್ಲಿ ತಿಳಿಯಹೇಳಲೂ ಬಲ್ಲದು.